ಕೀ ಆಫ್ ಮಾಡಿ ಇಳಿಯುವವರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವ ಗಾದೆಯನ್ನು ಅವ್ವ ನನ್ನ ಮುಖ ನೋಡಿಯೇ ಹೇಳುತ್ತಿದ್ದಳು. ಶಾಲೆಯಲ್ಲಿ ಪಕ್ಕದವನ ತಲೆಯ ಮೇಲೆ ಸ್ಲೇಟು ಒಡೆದೆ. ಲಾರಿ ಓಡಿಸುವ ಕಾಲದಲ್ಲಿ ಅಡ್ಡ ಬಂದವನ ಗಾಡಿಯ ಗಾಜು ಒಡೆದೆ. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಗಾಡಿಗಳ ಉಸ್ತುವಾರಿಗೆ ಸೇರಿದ ಮೇಲೆ, ಇಂಜಿನ್ ಚಾಲೂ ಇಟ್ಟು ಬೀಡಿ ಸೇದುತ್ತಾ ನಿಲ್ಲುವ ಡ್ರೈವರುಗಳ ಕಡೆಗೆ ಕೈಗೆ ಸಿಕ್ಕ ಸ್ಪ್ಯಾನರ್ ಎಸೆಯುತ್ತಿದ್ದೆ. ಡೀಸೆಲ್ ಸುಮ್ಮನೆ ಉರಿಯುವುದನ್ನು ಕಂಡರೆ ನನಗೆ ತಟ್ಟೆಯ ಅನ್ನ ಚೆಲ್ಲಿದಂತಾಗುತ್ತದೆ, ಏನು ಮಾಡಲಿ.

ಮಿಲ್ಲಿನ ಸಾವ್ಕಾರರ ಹತ್ತಿರ ಒಂದು ಹಿಂಡು ಮಿನಿ ಲಾರಿಗಳಿದ್ದವು. ಎಣ್ಣೆ ಡಬ್ಬಗಳನ್ನು ತುಂಬಿಕೊಂಡು ಮೊಳಕಾಲ್ಮೂರು, ರಾಯದುರ್ಗ, ಬಳ್ಳಾರಿ ಕಡೆ ಹೋಗುವುದು, ಬರುವಾಗ ಶೇಂಗಾ ತುಂಬಿಕೊಂಡು ಬರುವುದು. ಡೀಸೆಲ್ ದರ ಏರಿದಾಗಲೆಲ್ಲ ಸಾವ್ಕಾರರು ನನ್ನನ್ನು ಕರೆದು ಬೈಯುತ್ತಿದ್ದರು, ನಾನು ಹೊರಗೆ ಬಂದು ಡ್ರೈವರುಗಳನ್ನು ಬೈಯುತ್ತಿದ್ದೆ, ಅವರು ಮನೆಗೆ ಹೋಗಿ ಹೆಂಡಿರನ್ನು ಬೈಯುತ್ತಿದ್ದರು. ಬೈಗುಳಕ್ಕೆ ಮೈಲೇಜ್ ಬರುವುದಿಲ್ಲ ಎಂದು ಮೊದಲು ಕಂಡುಕೊಂಡವರು ಸಾವ್ಕಾರರ ಹೆಂಡತಿ.

ಅವರ ತವರು ಮೊಳಕಾಲ್ಮೂರು, ತವರಿನಲ್ಲಿ ರೇಷ್ಮೆ ಮಗ್ಗಗಳಿದ್ದವು. ದೊಡ್ಡ ಹಬ್ಬ ಬಂದಾಗಲೆಲ್ಲ, ಎಲ್ಲರಿಗಿಂತ ಕಡಿಮೆ ಡೀಸೆಲ್‌ನಲ್ಲಿ ಹೆಚ್ಚು ದೂರ ಓಡಿಸಿದ ಡ್ರೈವರನ ಹೆಂಡತಿಗೆ ಒಂದು ಮೊಳಕಾಲ್ಮೂರು ಸೀರೆ ಕೊಡುವುದಾಗಿ ಅವರು ಹೇಳಿದರು. ಡ್ರೈವರನಿಗಲ್ಲ, ಹೆಂಡತಿಗೆ. ಮಿಲ್ಲಿನ ಅಂಗಳಕ್ಕೆ ಅವಳನ್ನು ಕರೆಸಿ, ಅರಿಶಿನ ಕುಂಕುಮ ಹಚ್ಚಿ, ಹೂವಿನ ಜೊತೆ ಸೀರೆ ಉಡಿಗೆ ಹಾಕುತ್ತಿದ್ದರು. ಅಮ್ಮಾರ ತಲೆಯೇ ತಲೆ. ಆ ದಿನದಿಂದ ಡ್ರೈವರುಗಳ ಬೆನ್ನು ಹತ್ತುವ ಕೆಲಸ ನನ್ನದಾಗಿ ಉಳಿಯಲಿಲ್ಲ. ಪ್ರತಿ ಮನೆಯಲ್ಲೂ ಒಬ್ಬೊಬ್ಬಳು ಉಸ್ತುವಾರಿ ಹುಟ್ಟಿಕೊಂಡಳು.

ಆ ಡ್ರೈವರುಗಳಲ್ಲಿ ನನ್ನ ಭಾವನೂ ಒಬ್ಬ. ನನ್ನ ಅಕ್ಕನ ಗಂಡ. ಅವನನ್ನು ಕೆಲಸಕ್ಕೆ ಸೇರಿಸಿದವನು ನಾನೇ. ಬೈದರೂ ನಗುವ, ಹೊಗಳಿದರೂ ನಗುವ ಮನುಷ್ಯ. ಮೊದಲ ಹಬ್ಬದ ಸೀರೆ ನನ್ನ ಅಕ್ಕನಿಗೆ ಬಂತು, ಎರಡನೆಯದೂ ಅವಳಿಗೇ ಬಂತು, ಮೂರನೆಯದೂ ಬಂತು. ಮೂರನೆಯ ಸೀರೆಯ ದಿನ ಬೀದಿ ನಲ್ಲಿಯ ಹತ್ತಿರ ಇನ್ನೊಬ್ಬ ಡ್ರೈವರನ ಹೆಂಡತಿ ಅಕ್ಕನ ಜಡೆ ಹಿಡಿದು ಎಳೆದಳು. ಅಕ್ಕ ತುಂಬಿದ ಕೊಡವನ್ನೇ ಎತ್ತಿ ಅವಳ ಕಾಲ ಮೇಲೆ ಹಾಕಿದಳು. ನಮ್ಮ ಮನೆತನದಲ್ಲಿ ಸಿಟ್ಟು ನನಗೊಬ್ಬನಿಗೇ ಬಂದದ್ದಲ್ಲ.

ಭಾವ ಅಷ್ಟು ಡೀಸೆಲ್ ಹೇಗೆ ಉಳಿಸುತ್ತಾನೆ ಎನ್ನುವುದು ನನ್ನ ತಲೆ ಕೊರೆಯುತ್ತಿತ್ತು. ಗಾಡಿ ಕಂಪನಿಯಿಂದ ಒಬ್ಬ ಇಂಜಿನಿಯರು ಬಂದು ನಮಗೆಲ್ಲ ಪಾಠ ಹೇಳಿ ಹೋಗಿದ್ದ. ಚಕ್ರದಲ್ಲಿ ಗಾಳಿ ಸರಿಯಾಗಿರಲಿ, ಕ್ಲಚ್ ಮೇಲೆ ಕಾಲಿಟ್ಟು ಓಡಿಸಬೇಡಿ, ಗೇರು ಬೇಗ ಬದಲಿಸಿ, ಮುಂದೆ ಹಂಪ್ ಕಂಡರೆ ದೂರದಿಂದಲೇ ಕಾಲು ತೆಗೆಯಿರಿ, ಓಡಿಹೋಗಿ ಬ್ರೇಕ್ ಒತ್ತಬೇಡಿ. ಇಷ್ಟನ್ನು ಎಲ್ಲರೂ ಒಪ್ಪಿದರು. ಇಳಿಜಾರಿನಲ್ಲಿ ಗಾಡಿಯನ್ನು ಗೇರಿನಲ್ಲೇ ಬಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ, ಈ ಹೊಸ ಗಾಡಿಗಳ ಇಂಜಿನ್‌ಗೆ ಒಂದು ಹನಿ ಡೀಸೆಲ್ಲೂ ಹೋಗುವುದಿಲ್ಲ ಎಂದು ಅವನು ಹೇಳಿದಾಗ ಮಾತ್ರ ಎಲ್ಲರೂ ಹೋ ಎಂದು ನಕ್ಕರು.

"ಓಡ್ತಾ ಐತೆ ಅಂದ್ರೆ ಕುಡೀತಾ ಐತೆ ಸಾರ್," ಎಂದ ಭಾವ. "ಹೊಟ್ಟೆಗೇನೂ ಹಾಕ್ದೆ ಎತ್ತು ನಡೀತದಾ?"

ಇಂಜಿನಿಯರು ಏನೇನೋ ಚಿತ್ರ ಬರೆದು ತೋರಿಸಿದ. ನನಗೆ ಅರ್ಥವಾಯಿತು, ಓಡಿಸಿ ನೋಡಿದೆ, ಅವನ ಮಾತು ಸರಿಯಿತ್ತು. ಭಾವನಿಗೆ ಮಾತ್ರ ಆ ಚಿತ್ರಗಳಿಗಿಂತ ತನ್ನ ಕಿವಿಯ ಮೇಲೆ ನಂಬಿಕೆ. ಸದ್ದು ಬಂದರೆ ಖರ್ಚು, ಸದ್ದು ನಿಂತರೆ ಉಳಿತಾಯ. ಲೆಕ್ಕ ಅಷ್ಟೇ.

ಒಂದು ದಿನ ಏನೋ ನೆಪ ಹೇಳಿ ಅವನ ಗಾಡಿಯಲ್ಲಿ ನಾನೂ ಹತ್ತಿದೆ. ಕೊಂಡ್ಲಹಳ್ಳಿ ದಾಟುವವರೆಗೂ ಚೆನ್ನಾಗಿಯೇ ಓಡಿಸಿದ. ಮುಂದೆ ಬಂಡೆಗುಡ್ಡಗಳ ನಡುವೆ ರಸ್ತೆ ಇಳಿಯಲು ಶುರುವಾಯಿತು. ಭಾವ ಗೇರನ್ನು ನ್ಯೂಟ್ರಲ್‌ಗೆ ತಳ್ಳಿದ. ಬೈಯಲು ನಾನು ಬಾಯಿ ತೆರೆಯುವಷ್ಟರಲ್ಲಿ ಕೀ ತಿರುಗಿಸಿ ಇಂಜಿನ್ನನ್ನೇ ಆಫ್ ಮಾಡಿದ.

ಸದ್ದು ನಿಂತುಹೋಯಿತು. ಗಾಳಿಯ ಸದ್ದು, ಹಿಂದೆ ಡಬ್ಬಗಳು ಒಂದಕ್ಕೊಂದು ತಾಕುವ ಸದ್ದು ಮಾತ್ರ. ಗಾಡಿ ಕೆಳಮುಖವಾಗಿ ಓಡುತ್ತಿತ್ತು, ವೇಗ ಏರುತ್ತಿತ್ತು. ಭಾವ ಬಲ ಕೊಟ್ಟು ಸ್ಟೇರಿಂಗ್ ತಿರುಗಿಸುತ್ತಿದ್ದ, ಇಂಜಿನ್ ನಿಂತರೆ ಅದು ಗಟ್ಟಿಯಾಗುತ್ತದೆ. ಬ್ರೇಕಿನದೂ ಅದೇ ಪಾಡು. ಒಂದೆರಡು ಸಲ ಒತ್ತಿದರೆ ಹಿಡಿಯುತ್ತದೆ, ಆಮೇಲೆ ಕಲ್ಲು ತುಳಿದಂತೆ.

"ನೋಡು, ಪುಕ್ಸಟ್ಟೆ ಹೋಗ್ತಾ ಐತೆ," ಎಂದು ಭಾವ ಹಲ್ಲು ಬಿಟ್ಟ. "ಸಿದ್ದಾಪುರದ ಕಡೆ ಇನ್ನೂ ಚಲೋ ಇಳಿಜಾರು ಐತೆ."

ತಿರುವಿನಲ್ಲಿ ಕುರಿ ಹಿಂಡು ಅರ್ಧ ರಸ್ತೆ ಹರಡಿತ್ತು. ಕುರಿಗಾಹಿ ನಮಗೆ ಬೆನ್ನು ಹಾಕಿದ್ದ. ಭಾವ ಹಾರನ್ ಒತ್ತಿದ, ಬ್ರೇಕ್ ಒತ್ತಿದ, ಸ್ಟೇರಿಂಗ್ ಎಳೆದ. ಕುರಿಗಳು ಚದುರಿದವು. ಅವುಗಳನ್ನು ದೂಡಲು ಬಂದ ನಾಯಿ ಚದುರಲಿಲ್ಲ. ಬಂಪರಿಗೆ ಬಡಿದದ್ದು ಕೇಳಿಸಿತು, ಆಮೇಲೆ ಚಕ್ರದ ಕೆಳಗೆ ಸಿಕ್ಕಿದ್ದು ನನ್ನ ಕಾಲಿಗೇ ತಿಳಿಯಿತು. ಗಾಡಿ ಬೇಲಿಗೆ ಗುದ್ದಿ ನಿಂತಾಗ ನಾಯಿ ಹಿಂದೆ ರಸ್ತೆಯ ಮೇಲೆ ಮುಂಗಾಲಿನಲ್ಲಿ ತೆವಳುತ್ತಿತ್ತು. ಕುರಿಗಾಹಿ ಓಡಿ ಬಂದವನು ನಮ್ಮ ಕಡೆ ನೋಡಲೂ ಇಲ್ಲ. ಒಂದು ಕಲ್ಲು ಎತ್ತಿ ನಾಯಿಯ ತಲೆಯ ಮೇಲೆ ಹಾಕಿ ಅದರ ಸಂಕಟ ಮುಗಿಸಿದ.

ನಾನು ಭಾವನ ಕೊರಳಪಟ್ಟಿ ಹಿಡಿದು ಬಾಯಿಗೆ ಗುದ್ದಿದೆ. ತುಟಿ ಒಡೆದು ರಕ್ತ ಅಂಗಿಯ ಮೇಲೆ ಇಳಿಯಿತು. ಅವನು ಕೈ ಅಡ್ಡ ಇಟ್ಟನೇ ಹೊರತು ತಿರುಗಿ ಹೊಡೆಯಲಿಲ್ಲ.

"ಒಂದು ನಾಯಿಗೆ ಇಷ್ಟು ಹೊಡೀತೀಯೇನಲೇ?"

"ನಾಯಿಗಲ್ಲ ಭಾವ. ಮುಂದಿನ ಸಲ ನೀನೇ ಬೀಳ್ತೀಯಾ. ನಿನ್ ಹೆಣ ನಾನು ತಗಂಡೋಗಿ ಅಕ್ಕನ ಮುಂದೆ ಇಡಬೇಕು."

ಅವನು ತುಟಿ ಒರೆಸಿಕೊಂಡು ಕೀ ತಿರುಗಿಸಿದ. ಬೇಲಿಯಿಂದ ಗಾಡಿ ಹಿಂದಕ್ಕೆ ತೆಗೆದು ಮೊಳಕಾಲ್ಮೂರು ದಾರಿ ಹಿಡಿದ.

ಸಾವ್ಕಾರರಿಗೆ ಹೇಳಿದೆ. ಅವರು ಕೇಳಿಸಿಕೊಂಡು, "ಗಾಡಿಗೇನೂ ಆಗಿಲ್ವಲ್ಲ?" ಎಂದರು. ಅಕ್ಕನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಊರವ್ರಿಗೆ ಹೊಟ್ಟೆಕಿಚ್ಚು ಅಂದ್ರೆ ತಮ್ಮನಿಗೂ ಶುರುವಾಯ್ತಾ?" ಎಂದಳು. ಭಾವನಿಗಂತೂ ನೂರು ಸಲ ಹೇಳಿದೆ. ಆಯ್ತು ಬಿಡಪ್ಪ ಎನ್ನುವನು, ಮಾರನೆಯ ದಿನ ಅದೇ ಮಾಡುವನು. ರಾಯದುರ್ಗದ ದಾರಿಯಲ್ಲಿ ಅವನ ಗಾಡಿ ಸದ್ದಿಲ್ಲದೆ ಪಕ್ಕದಲ್ಲೇ ಹಾದುಹೋಗಿ ಎದೆ ಧಸಕ್ಕೆಂದಿತು ಎಂದು ಬೇರೊಬ್ಬ ಡ್ರೈವರು ಬಂದು ಹೇಳಿದ. ರಾತ್ರಿ ಮಲಗಿದರೆ ಅಕ್ಕನ ಬಳೆ ಒಡೆಯುವ ಸದ್ದೇ ಕಿವಿಯಲ್ಲಿ. ನಾನು ಹೆದರಿದ್ದೆ. ಹೆದರಿಕೆಯೂ ನನಗೆ ಸಿಟ್ಟಾಗಿಯೇ ಹೊರಗೆ ಬರುತ್ತದೆ.

ದಸರೆಗೆ ಇನ್ನೂ ಕೆಲವು ವಾರ ಇರುವಾಗ ಒಂದು ಬೆಳಿಗ್ಗೆ ಅವನು ಲೋಡ್ ಕಟ್ಟಿಸಿ ಹೊರಡಲು ನಿಂತಿದ್ದ. ಅಂಗಳದಲ್ಲಿ ಹಮಾಲರು, ಡ್ರೈವರುಗಳು ಎಲ್ಲರೂ ಇದ್ದರು.

"ಕೀ ಕೊಡು ಭಾವ. ಇವತ್ತಿಂದ ನೀನು ಗಾಡಿ ಹತ್ತಂಗಿಲ್ಲ."

"ಸಾವ್ಕಾರ್ರು ಹೇಳ್ಲಿ, ಕೊಡ್ತೀನಿ." ಮತ್ತೆ ಅದೇ ನಗು. "ದಸರಾ ಸೀರೆ ಒಂದು ಬರ್ಲಿ, ಆಮ್ಯಾಲೆ ನೀನು ಹೇಳ್ದಂಗೆ ಕೇಳ್ತೀನಿ."

ಅವನು ಬಾಗಿಲಿನ ಮೇಲೆ ಬಲಗೈ ಇಟ್ಟು ಹತ್ತಲು ಹೋದ. ನನ್ನ ಕಾಲ ಬಳಿ ಜ್ಯಾಕಿನ ರಾಡು ಬಿದ್ದಿತ್ತು. ಎತ್ತಿಕೊಂಡು ಮೊಣಕೈಗೂ ಮಣಿಕಟ್ಟಿಗೂ ನಡುವೆ, ನೋಡಿಯೇ, ಬೀಸಿದೆ. ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಭಾವ ತನ್ನ ಕೈಯನ್ನೇ ನೋಡುತ್ತಾ ನೆಲಕ್ಕೆ ಕೂತ. ಹಮಾಲರು ನನ್ನನ್ನು ಕೆಡವಿಕೊಂಡು ತುಳಿದರು, ನನ್ನ ಒಂದು ಹಲ್ಲು ಅಲ್ಲೇ ಹೋಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಒಬ್ಬ ಹಿರಿಯ ಹಮಾಲ ಬುದ್ಧಿ ಹೇಳಿದ. ಮೂಗು ಬರುವುದಿಲ್ಲ, ಕೈ ಕೂಡಿಕೊಳ್ಳುತ್ತದೆ ಎಂದೆ. ಆ ಹೊತ್ತಿನಲ್ಲಿ ನನಗೆ ಪಶ್ಚಾತ್ತಾಪವಿರಲಿಲ್ಲ, ಎದೆ ಹಗುರಾಗಿತ್ತು.

ಸಂಜೆಗೆ ಅಕ್ಕ ಬಂದಳು. ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡು ನನ್ನ ಮುಖ, ಬೆನ್ನು ನೋಡದೆ ಬಾರಿಸಿದಳು. "ನಿನ್ ಕೈ ಸೇದ್ಹೋಗ! ತಮ್ಮ ಅಲ್ಲ ನೀನು, ಕಟುಕ!" ನಾನು ಹೊಡೆಸಿಕೊಂಡೆ. ಅವಳ ಗಂಡ ಮನೆಯಲ್ಲಿ ಕೈಗೆ ಪಟ್ಟು ಹಾಕಿಸಿಕೊಂಡು ಮಲಗಿದ್ದ, ಬಂಡೆಯ ಕೆಳಗಲ್ಲ. ನನಗೆ ಅಷ್ಟು ಸಾಕಿತ್ತು. ಸಾವ್ಕಾರರು ಇದನ್ನು ಮನೆಯವರ ಜಗಳ ಎಂದು ಕೈ ತೊಳೆದುಕೊಂಡರು. ಭಾವನ ಗಾಡಿಯನ್ನು ಕೊಂಡ್ಲಹಳ್ಳಿಯ ಒಬ್ಬ ಡ್ರೈವರನಿಗೆ ಕೊಟ್ಟರು. ಹೊಸದಾಗಿ ಮದುವೆಯಾದವನು, ಮೆತ್ತಗೆ ಮಾತಾಡುವವನು, ಹೇಳಿದ್ದಕ್ಕೆಲ್ಲ ತಲೆ ಆಡಿಸುವವನು. ನಾನು ಅವನನ್ನು ಎದುರು ನಿಲ್ಲಿಸಿಕೊಂಡು ಇಂಜಿನಿಯರು ಹೇಳಿದ್ದನ್ನೆಲ್ಲ ಹೇಳಿದೆ. ಅದಕ್ಕೂ ತಲೆ ಆಡಿಸಿದ.

ಭಾವ ಸಿಟ್ಟು ಇಟ್ಟುಕೊಳ್ಳುವವನಲ್ಲ. ನೋವು ಸ್ವಲ್ಪ ಕಡಿಮೆಯಾಗುತ್ತಲೇ ಬಿದಿರು ಪಟ್ಟಿ ಕಟ್ಟಿದ ಕೈಯನ್ನು ಕೊರಳಿಗೆ ನೇತುಹಾಕಿಕೊಂಡು ಮಿಲ್ಲಿಗೆ ಬರತೊಡಗಿದ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಆ ಹೊಸ ಡ್ರೈವರನ ಪಕ್ಕದಲ್ಲಿ ಕೂತು ಒಂದೆರಡು ಟ್ರಿಪ್ಪೂ ಹೋಗಿ ಬಂದ. ಹೋಗಲಿ ಬಿಡು, ಓಡಿಸುವವನು ಇವನಲ್ಲವಲ್ಲ ಎಂದು ನಾನು ಸುಮ್ಮನಿದ್ದೆ.

ನಮ್ಮ ಕಡೆ ದೇವರ ಎತ್ತುಗಳಿವೆ. ಅವುಗಳ ಹೆಗಲಿಗೆ ನೊಗ ಏರಿಸುವುದಿಲ್ಲ, ಅವುಗಳನ್ನು ಮಾರುವುದಿಲ್ಲ. ಕಾಯುವ ಕಿಲಾರಿ ಅವುಗಳ ಜೊತೆಯಲ್ಲೇ ಕಾವಲಿನ ಹುಲ್ಲುಬಯಲಿನಲ್ಲಿ ಅಲೆಯುತ್ತಾನೆ. ರಸ್ತೆಯಲ್ಲಿ ಅವು ಎದುರಾದರೆ ಹಾರನ್ ಹೊಡೆಯಬಾರದು ಎನ್ನುವುದು ನಮ್ಮ ಡ್ರೈವರುಗಳು ತಾವೇ ಹಾಕಿಕೊಂಡ ಕಟ್ಟು. ಹೊಡೆಯುವ ಅಗತ್ಯವೂ ಇರಲಿಲ್ಲ. ಇಂಜಿನ್ ಸದ್ದು ದೂರದಿಂದ ಕೇಳುತ್ತಲೇ ಕಿಲಾರಿ ಬಾಯಲ್ಲಿ ಒಂದು ಕೂಗು ಹಾಕಿ ಎತ್ತುಗಳನ್ನು ಪಕ್ಕಕ್ಕೆ ಕರೆದುಕೊಳ್ಳುತ್ತಿದ್ದ. ಗಾಡಿಯವನು ಕೈ ಮುಗಿದು ಮುಂದೆ ಹೋಗುತ್ತಿದ್ದ.

ದಸರೆ ಹತ್ತಿರ ಬಂದಿತ್ತು. ಮಧ್ಯಾಹ್ನ ಮಿಲ್ಲಿಗೆ ಫೋನ್ ಬಂತು. ಸಿದ್ದಾಪುರದ ಕಡೆಯ ಇಳಿಜಾರಿನಲ್ಲಿ ನಮ್ಮ ಗಾಡಿ ದೇವರ ಎತ್ತುಗಳ ಮೇಲೆ ಹರಿದಿದೆ, ಜನ ಡ್ರೈವರನನ್ನು ಸಾಯಿಸುತ್ತಿದ್ದಾರೆ, ಬೇಗ ಬನ್ನಿ ಎಂದು. ನಾನು ಬೈಕ್ ತೆಗೆದೆ. ಭಾವ ಕೇಳದೆಯೇ ಹಿಂದೆ ಹತ್ತಿ ಕೂತ. ಗುಡ್ಡಗಳು ಕಾಣುವಾಗ ನನ್ನ ಕಿವಿಯ ಹತ್ತಿರ ಬಾಗಿದ.

"ಲೇ, ಕೀ ಆಫ್ ಮಾಡಾದು ನಾನೇ ಹೇಳ್ಕೊಟ್ಟಿದ್ದೆ. ಎಲ್ಲಿ ತಿರುಗಿಸ್ಬೇಕು, ಎಲ್ಲಿ ಹಾಕ್ಬೇಕು, ಎಲ್ಲಾ. ಹೊಸಾ ಹೆಂಡ್ತಿಗೆ ಒಂದು ಸೀರೆ ಬರ್ಲಿ ಅಂತ."

ಬೈಕ್ ನಿಲ್ಲಿಸಿ ಅವನನ್ನು ಅಲ್ಲೇ ಹೂತುಬಿಡಬೇಕು ಅನ್ನಿಸಿತು. ನಿಲ್ಲಿಸಲು ಹೊತ್ತಿರಲಿಲ್ಲ.

ಗಾಡಿ ರಸ್ತೆಯ ಪಕ್ಕದ ಬಂಡೆಗೆ ಮೂತಿ ಹೂತು ನಿಂತಿತ್ತು. ಡಬ್ಬಗಳು ಒಡೆದು ಶೇಂಗಾ ಎಣ್ಣೆ ಇಳಿಜಾರಿನ ಉದ್ದಕ್ಕೂ ಹರಿದಿತ್ತು, ಅದರಲ್ಲಿ ರಕ್ತ ಸೇರಿ ಕೆಂಪು ಎಳೆ ಎಳೆಯಾಗಿ ಹೋಗುತ್ತಿತ್ತು. ಬಿಳಿಯ ಒಂದು ಎತ್ತು ಆಗಲೇ ಸತ್ತಿತ್ತು. ಇನ್ನೊಂದರ ಹಿಂಗಾಲು ಎರಡೂ ಮುರಿದು, ಅದು ಏಳಲು ಹೋಗಿ ಎಣ್ಣೆಯಲ್ಲಿ ಜಾರಿ ಬೀಳುತ್ತಿತ್ತು, ಮತ್ತೆ ಏಳಲು ಹೋಗುತ್ತಿತ್ತು. ವಯಸ್ಸಾದ ಕಿಲಾರಿ ಅದರ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತಿದ್ದ. ಕೆಲವರು ಕೊಡ, ಬಕೆಟ್ಟು ತಂದು ಎಣ್ಣೆ ಬಳಿಯುತ್ತಿದ್ದರು. ಬಳಿಯುವುದನ್ನು ಬಿಟ್ಟು ಹೋಗಿ ಡ್ರೈವರನಿಗೆ ಎರಡು ಒದ್ದು, ಮತ್ತೆ ಬಂದು ಬಳಿಯುತ್ತಿದ್ದರು. ಕೈಯಲ್ಲಿ ಕೊಡ ಹಿಡಿದುಕೊಂಡೇ ಒಬ್ಬ "ಕೊಟ್ಟಂಡ್ರಾ ವಾಣ್ಣಿ!" ಎಂದು ತೆಲುಗಿನಲ್ಲಿ ಹೊಡೆಯಲು ಹುರಿದುಂಬಿಸುತ್ತಿದ್ದ. ಒಂದು ದಿನವೂ ಆ ಎತ್ತುಗಳಿಗೆ ಹಿಡಿ ಹುಲ್ಲು ಹಾಕದ, ದಾರಿಯಲ್ಲಿ ಹೋಗುತ್ತಾ ಬೈಕು ನಿಲ್ಲಿಸಿ ಬಂದವರದೇ ಎಲ್ಲರಿಗಿಂತ ಜೋರು. ಇಂಥವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಡ್ರೈವರ್ ನೆಲದ ಮೇಲೆ ಮುದುಡಿಕೊಂಡಿದ್ದ. ಗಾಡಿ ಗುದ್ದಿದಾಗಲೇ ಅವನ ಎದೆ ಸ್ಟೇರಿಂಗಿಗೆ ಬಡಿದಿತ್ತು, ಬಾಯಿಂದ ರಕ್ತ ಬರುತ್ತಿತ್ತು. "ದ್ಯಾವ್ರ ಎತ್ತು ಅಂತ ಹಾರನ್ ಹೊಡೀಲಿಲ್ಲಣ್ಣಾ," ಎಂದು ಒಂದೇ ಮಾತು ಹೇಳುತ್ತಿದ್ದ. "ಬ್ರೇಕು ಹಿಡೀಲಿಲ್ಲ, ಹಾರನ್ ಹೊಡೀಲಿಲ್ಲಣ್ಣಾ."

ನಾನು ನುಗ್ಗಿದೆ. ಒಬ್ಬನ ಮೂಗಿಗೆ ಹಣೆಯಿಂದ ಗುದ್ದಿದೆ, ಇನ್ನೊಬ್ಬನ ಕೈಯ ಕೋಲು ಕಿತ್ತೆ, ಅಷ್ಟರಲ್ಲಿ ನಾಲ್ಕೈದು ಜನ ನನ್ನ ಮೇಲೆ ಬಿದ್ದರು. ನೆಲದಿಂದಲೇ ನಾನು ನೋಡಿದ್ದು, ಭಾವ ಕೊರಳಿಗೆ ಕೈ ನೇತುಹಾಕಿಕೊಂಡು ಆ ಗುಂಪಿನ ನಡುವೆ ನಡೆದುಹೋದ. ಡ್ರೈವರನ ಮೇಲೆ ಕಾಲು ಎತ್ತಿದ್ದವನ ಎದೆಗೆ ಅಡ್ಡ ನಿಂತ.

"ಅವ್ನಿಗೆ ಹೊಡೀಬ್ಯಾಡ್ರಿ. ಇಂಜಿನ್ ಆಫ್ ಮಾಡು ಅಂತ ಕಲ್ಸಿದ್ದು ನಾನು. ನನಗೆ ಹೊಡೀರಿ."

ಡ್ರೈವರನನ್ನು ಬಿಟ್ಟು ಎಲ್ಲರೂ ಅವನ ಕಡೆ ತಿರುಗಿದರು. ಆಮೇಲೆ ಕೇಳಿದ್ದನ್ನು ಕೊಟ್ಟರು. ಕೋಲು, ಚಪ್ಪಲಿ, ಗಾಡಿಯಿಂದ ಬಿದ್ದ ಡಬ್ಬ, ಕೈಗೆ ಸಿಕ್ಕಿದ್ದರಲ್ಲೆಲ್ಲ ಹೊಡೆದರು. ಅವನು ಕೈ ಅಡ್ಡ ಇಡಲಿಲ್ಲ, ಡ್ರೈವರನ ಮೇಲೆ ಬೋರಲು ಮಲಗಿ ಬೆನ್ನು ಕೊಟ್ಟ. ನನ್ನ ಮೇಲೆ ಕೂತವರ ಕೆಳಗಿಂದ ನಾನು ಕೂಗುತ್ತಿದ್ದೆ. ಅಕ್ಕನ ಹೆಸರು ಹಿಡಿದು ಕೂಗುತ್ತಿದ್ದೆ ಎಂದು ಆಮೇಲೆ ಯಾರೋ ಹೇಳಿದರು.

ನಿಲ್ಲಿಸಿದವನು ಕಿಲಾರಿ. ಅವನ ತೊಡೆಯ ಮೇಲಿನ ಎತ್ತು ಸತ್ತುಹೋಗಿತ್ತು. ಅವನು ಎದ್ದು, ಕೋಲೂರಿಕೊಂಡು ಬಂದ. ಮೊದಲ ಏಟು ಅವನದೇ ಇರಲಿ ಎನ್ನುವಂತೆ ಜನ ದಾರಿ ಬಿಟ್ಟರು.

"ಸದ್ದು ಬರ್ಲಿಲ್ಲ," ಎಂದ ಅವನು, ಭಾವನಿಗೆ. "ಸದ್ದು ಬಂದಿದ್ರೆ ನಾನು ಕೂಗ್ತಿದ್ದೆ." ಆಮೇಲೆ ಜನರ ಕಡೆ ತಿರುಗಿದ. "ಹೊತ್ತು ಮುಳುಗೋದ್ರೊಳಗೆ ಈ ಎತ್ತುಗಳ್ನ ಮಣ್ಣು ಮಾಡ್ಬೇಕು. ಇವ್ರನ್ನೂ ಸಾಯಿಸಿದ್ರೆ ಗುಂಡಿ ತೋಡೋರು ಯಾರು? ನೀವು ತೋಡ್ತೀರಾ?"

ಬೈಕಿನವರು ಒಬ್ಬೊಬ್ಬರಾಗಿ ಬೈಕು ಹತ್ತಿದರು. ಎಣ್ಣೆ ಬಳಿಯುತ್ತಿದ್ದವರು ಕೊಡ ಎತ್ತಿಕೊಂಡರು. ಪೊಲೀಸರ ಜೀಪು, ಆಂಬುಲೆನ್ಸು ಒಟ್ಟಿಗೇ ಬಂದವು. ಡ್ರೈವರನನ್ನು ಚಿತ್ರದುರ್ಗಕ್ಕೆ ಕರೆದೊಯ್ದರು. ಭಾವನನ್ನೂ ಹತ್ತಿಸಲು ಹೋದರು, ಅವನು ಹತ್ತಲಿಲ್ಲ. ಯಾರೋ ಜೆಸಿಬಿ ತರಿಸುತ್ತೇನೆ ಎಂದರು. ದೇವರ ಎತ್ತಿಗೆ ಮಿಷನ್ನಿನ ಗುಂಡಿ ಆಗುವುದಿಲ್ಲ, ಕೈಯಲ್ಲೇ ತೋಡಬೇಕು ಎಂದ ಕಿಲಾರಿ.

ಕಿಲಾರಿಯ ಕಡೆಯವರ ಜೊತೆ ನಾವಿಬ್ಬರೂ ತೋಡಿದೆವು. ಮೇಲೆ ಮಣ್ಣು, ಕೆಳಗೆ ಗರಸು, ಗುದ್ದಲಿ ಬಡಿದರೆ ಕಿಡಿ ಏಳುತ್ತಿತ್ತು. ಭಾವನ ಒಂದು ಕಣ್ಣು ಮುಚ್ಚಿಹೋಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಎಡಗೈಯೊಂದರಲ್ಲೇ ಗುದ್ದಲಿ ಹಿಡಿದು, ಹಿಡಿಯನ್ನು ಕಂಕುಳಿಗೆ ಕೊಟ್ಟುಕೊಂಡು ಅಗೆಯುತ್ತಿದ್ದ. ಬೇಡ ಎಂದರೆ ಕೇಳಿಸಿಕೊಳ್ಳುತ್ತಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಗುಂಡಿ ಎದೆಮಟ್ಟ ಆಗಿತ್ತು. ನಾನು ನೀರು ಕುಡಿಯಲು ಮೇಲೆ ಬಂದಿದ್ದೆ. ಆಗಲೇ ಫೋನ್ ಬಂತು. ಡ್ರೈವರ್ ಆಸ್ಪತ್ರೆ ಸೇರುವ ಮೊದಲೇ ದಾರಿಯಲ್ಲಿ ತೀರಿಹೋದನಂತೆ. ಗಾಡಿ ಗುದ್ದಿದ್ದಕ್ಕೆ ಹೋದನೋ, ಜನ ಹೊಡೆದದ್ದಕ್ಕೆ ಹೋದನೋ ಡಾಕ್ಟರು ಆಮೇಲೆ ಹೇಳುತ್ತಾರಂತೆ. ಭಾವ ಕೆಳಗಿನಿಂದ ನನ್ನ ಮುಖ ನೋಡಿ ತಿಳಿದುಕೊಂಡ. ಮತ್ತೆ ಅಗೆಯಲು ಬಾಗಿದ.

"ಸಾಕು, ಮ್ಯಾಲೆ ಬಾರಪ್ಪ," ಎಂದ ಕಿಲಾರಿ. "ಎತ್ತು ಇಳಸ್ಬೇಕು."

ಅವನು ಬರಲಿಲ್ಲ. ಕಿಡಿ ಏಳುವ ಹಾಗೆ ಗರಸಿಗೆ ಬಡಿಯುತ್ತಲೇ ಇದ್ದ. ನಾನು ಗುಂಡಿಗೆ ಇಳಿದು ಗುದ್ದಲಿ ಹಿಡಿದುಕೊಂಡೆ. ಅವನು ಅದನ್ನು ಬಿಟ್ಟು ಎಡಗೈಯಿಂದ ನನ್ನ ಮುಖಕ್ಕೆ ಗುದ್ದಿದ.

"ಕೈ ಮುರ್ದೆ, ಬಾಯಿ ಯಾಕ್ ಬಿಟ್ಟೆಲೇ?" ಎಂದ. "ಕಲ್ಸಿದ್ದು ಈ ಬಾಯಿ! ಇದನ್ನ ಯಾಕ್ ಬಿಟ್ಟೆ?"

ಮತ್ತೆ ಗುದ್ದಿದ, ಮತ್ತೆ. ನನ್ನ ತುಟಿ ಹರಿದು ಮಣ್ಣಿನ ರುಚಿಯೂ ರಕ್ತದ ರುಚಿಯೂ ಒಟ್ಟಿಗೆ ಬಂತು. ಅಕ್ಕನ ಗಂಡನನ್ನು ನಾನು ಉಳಿಸಿಕೊಂಡಿದ್ದೆ. ಕೊಂಡ್ಲಹಳ್ಳಿಯಲ್ಲಿ ಡ್ರೈವರನ ಹೊಸ ಹೆಂಡತಿಗೆ ಇನ್ನೂ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ, ಅದನ್ನು ನಾನೇ ಹೋಗಿ ಹೇಳಬೇಕಿತ್ತು. ನನ್ನೊಳಗೆ ಸಿಟ್ಟಿಗಾಗಿ ಹುಡುಕಿದೆ, ಸಿಗಲಿಲ್ಲ. ಗುಂಡಿಯ ಗೋಡೆಗೆ ಒರಗಿ, ಅವನ ಕೈ ಸೋಲುವವರೆಗೂ ಹೊಡೆಸಿಕೊಂಡೆ. ಮೇಲೆ ನಿಂತಿದ್ದವರು ಯಾರೂ ಬಿಡಿಸಲು ಇಳಿಯಲಿಲ್ಲ.